ಬಿಸಿಲುಗಾಲದ ಕೆಂಪು ವಸ್ತ್ರ

ಇಂದು ಗರಿಗಳ ಭಾನುವಾರ. ದಾವಣಗೆರೆಯ ಪಿ.ಜೆ. ಬಡಾವಣೆಯಿಂದ ಹರಿಹರದ ಹೊಳೆದಂಡೆಯವರೆಗೆ ಕ್ಯಾಥೊಲಿಕ್ ಮನೆಗಳಲ್ಲಿ ಪವಿತ್ರ ವಾರ ಶುರು. ಪ್ರಾಣ ಕೊಟ್ಟವರನ್ನು ನೆನೆಯುವ ಈ ದಿನಗಳಲ್ಲಿ ಪ್ರಾಣ ತೆಗೆದವರ ಮೇಲೆ ಹಗೆಗೆ ಜಾಗವಿಲ್ಲ. ಆ ಜಾಗ ಖಾಲಿಯಾಗಲು ಶತಮಾನಗಳೇ ಹಿಡಿದವು!

ಬಿಸಿಲು ಇನ್ನೂ ಏರಿರುವುದಿಲ್ಲ, ಗಾಳಿ ಮಾತ್ರ ಆಗಲೇ ಬೆಚ್ಚಗಿರುತ್ತದೆ. ಚರ್ಚಿನ ಅಂಗಳದ ಮೂಲೆಯಲ್ಲಿ ತೆಂಗಿನ ಗರಿಗಳ ರಾಶಿ. ಅದರ ಸುತ್ತ ಮಕ್ಕಳು, ಮಕ್ಕಳ ಸುತ್ತ ಅಜ್ಜಿಯಂದಿರು.

‘ಅಜ್ಜಿ, ಹರಿದೋತು.’

‘ಹೋಗ್ಲಿ ಬಿಡಪ್ಪ, ಇನ್ನೊಂದು ತಗ. ಹಂಗೆ ಜಗ್ಗಬ್ಯಾಡ, ಮೆತ್ತಗೆ ಮಡಚು.’

ಗರಿಯ ಒಂದು ಎಲೆ ಕಿತ್ತು, ನಡುವಿನ ಕಡ್ಡಿ ತೆಗೆದು, ಸೀಳಿದ ಪಟ್ಟಿಯನ್ನು ಉದ್ದಕ್ಕೊಂದು ಅಡ್ಡಕ್ಕೊಂದು ಮಡಚಿ, ತುದಿಯನ್ನು ಗಂಟಿನೊಳಗೆ ತೂರಿಸಿದರೆ ಬೆರಳುದ್ದದ ಶಿಲುಬೆ. ಗುರುಗಳು ತೀರ್ಥ ಚಿಮುಕಿಸಿದ ಮೇಲೆ ಅದು ಮನೆಗೆ ಹೋಗಿ ದೇವರ ಪಟದ ಹಿಂದೆ ಕೂರುತ್ತದೆ. ಅಲ್ಲೇ ಒಣಗಿ ಕಂದಾಗಿ, ಮುಂದಿನ ವರ್ಷದ ತಪಸ್ಸುಕಾಲಕ್ಕೆ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಿಗೆ, ಮುಂಚೆ ಚರ್ಚಿಗೆ ವಾಪಸು ಬರುತ್ತದೆ. ಅದನ್ನು ಸುಟ್ಟ ಬೂದಿಯೇ ವಿಭೂತಿ ಬುಧವಾರ ಎಲ್ಲರ ಹಣೆಗೆ.

ಎಲ್ಲರೂ ಗರಿ ಎತ್ತಿ ಹಿಡಿದು ನಿಂತಾಗ ಗುರುಗಳು ಹೊರಬರುತ್ತಾರೆ. ಮೈಮೇಲೆ ಕೆಂಪು ವಸ್ತ್ರ. ತಪಸ್ಸುಕಾಲದುದ್ದಕ್ಕೂ ನೇರಳೆ ಬಣ್ಣವನ್ನೇ ಕಂಡ ಕಣ್ಣಿಗೆ ಆ ಕೆಂಪು ಥಟ್ಟನೆ ಹೊಡೆಯುತ್ತದೆ. ಅದು ರಕ್ತದ ಬಣ್ಣ. ನಂಬಿಕೆಗಾಗಿ ಪ್ರಾಣ ಕೊಟ್ಟ ರಕ್ತಸಾಕ್ಷಿಗಳ ಹಬ್ಬಕ್ಕೆ ಪೆಟ್ಟಿಗೆಯಿಂದ ತೆಗೆಯುವ ವಸ್ತ್ರವೂ ಇದೇ.

ಜಯಘೋಷದ ಮೆರವಣಿಗೆ ಪೀಠದ ಬಳಿ ಮುಟ್ಟಿ ಇನ್ನೂ ಹೆಚ್ಚು ಹೊತ್ತಾಗಿರುವುದಿಲ್ಲ, ಅಷ್ಟರಲ್ಲಿ ಯೇಸುವಿನ ಮರಣದ ಕಥೆಯ ದೀರ್ಘ ಪಠಣ ಆರಂಭ. ಈ ವರ್ಷ ಮತ್ತಾಯನ ಶುಭಸಂದೇಶದ ಸರದಿ. ಜನರ ಪಾಲಿನ ಮಾತುಗಳನ್ನು ಜನರೇ ಹೇಳಬೇಕು. ಹಾಗಾಗಿ, ಈಗಷ್ಟೇ ಜಯಜಯ ಎಂದ ಬಾಯಿಗಳೇ ಅವನನ್ನು ಶಿಲುಬೆಗೇರಿಸಿ ಎಂದು ಕೂಗಬೇಕಾಗುತ್ತದೆ. ಕೊಂದವರು ಯಾರೋ ಬೇರೆಯವರು ಎಂದು ಬೆರಳು ತೋರಿಸಲು ಈ ಪೂಜೆ ಬಿಡುವುದಿಲ್ಲ.

ಪಿ.ಜೆ. ಬಡಾವಣೆಯ ಚರ್ಚು ಸಂತ ತೋಮಸರ ಹೆಸರಿನದು. ರಾಂ ಅಂಡ್ ಕೋ ವೃತ್ತದ ಗದ್ದಲ, ಆಸ್ಪತ್ರೆಗೆ ಓಡುವ ಆಟೊಗಳು, ಬೆಣ್ಣೆದೋಸೆಯ ಹೊಗೆ ಇವೆಲ್ಲದರ ನಡುವೆ ಇರುವ ಬಡಾವಣೆ ಇದು. ಇಲ್ಲಿನ ಒಂದು ರಸ್ತೆಗೆ ಚರ್ಚ್ ರಸ್ತೆ ಎಂದೇ ಹೆಸರು. ಕ್ಯಾಥೊಲಿಕರು ಊರಿನ ಜನಸಂಖ್ಯೆಯಲ್ಲಿ ಸಣ್ಣ ಪಾಲು. ಕನ್ನಡ, ತಮಿಳು, ಕೊಂಕಣಿ, ಮಲಯಾಳ ಮಾತಾಡುವ ಮನೆಗಳು ಅವರಲ್ಲಿವೆ. ಗಿರಣಿಯ ಊರಿಗೆ ಜನ ನಾಲ್ಕು ದಿಕ್ಕಿನಿಂದ ಬಂದು ಸೇರಿದ ಹಾಗೆಯೇ ಇವರೂ ಸೇರಿದವರು. 1988ರಲ್ಲಿ ರಚನೆಯಾದ ಶಿವಮೊಗ್ಗ ಧರ್ಮಕ್ಷೇತ್ರದ ಸರಹದ್ದಿಗೆ ಶಿವಮೊಗ್ಗ, ಚಿತ್ರದುರ್ಗದ ಜೊತೆ ದಾವಣಗೆರೆಯೂ ಸೇರುತ್ತದೆ.

ಈ ವರ್ಷದ ಪಂಚಾಂಗ ಒಂದು ಅಪರೂಪದ ಕೂಟ ಮಾಡಿಸಿತು. ಫೆಬ್ರುವರಿ 15ಕ್ಕೆ ಶಿವರಾತ್ರಿ, 18ಕ್ಕೆ ವಿಭೂತಿ ಬುಧವಾರ, ಅದೇ ವಾರ ರಂಜಾನ್ ಉಪವಾಸವೂ ಶುರು. ಒಂದೇ ವಾರದಲ್ಲಿ ಇಡೀ ದಾವಣಗೆರೆ ಒಂದಲ್ಲ ಒಂದು ರೀತಿಯಲ್ಲಿ ಉಪವಾಸ ಕೂತಿತ್ತು, ಹಣೆಗೆ ಬೂದಿ ಹಚ್ಚಿತ್ತು. ನನಗೆ ಇದು ಬರಿಯ ಕಾಕತಾಳೀಯ ಎನ್ನಿಸಲಿಲ್ಲ. ಬಿಸಿಲು ಏರುವ ಹೊತ್ತಿಗೆ ಮನುಷ್ಯ ತನ್ನ ಹಸಿವನ್ನು ತಾನೇ ಪರೀಕ್ಷೆಗೆ ಒಡ್ಡಿಕೊಳ್ಳುವುದು ಈ ಮಣ್ಣಿಗೆ ಹಳೆಯ ಅಭ್ಯಾಸ.

ಸತ್ತ ದಿನವೇ ಹುಟ್ಟುಹಬ್ಬ

ರಕ್ತಸಾಕ್ಷಿಗಳ ವರ್ಷಾಚರಣೆ ಎಲ್ಲಿಂದ ಬಂತು? ಸಿಕ್ಕಿರುವ ಅತ್ಯಂತ ಹಳೆಯ ದಾಖಲೆ ಈಗಿನ ತುರ್ಕಿಯ ಇಜ್ಮಿರ್ ನಗರದ್ದು. ಅಂದಿನ ಹೆಸರು ಸ್ಮಿರ್ನಾ. ಅಲ್ಲಿನ ವೃದ್ಧ ಬಿಷಪ್ ಪಾಲಿಕಾರ್ಪ್‌ರನ್ನು ಸುಮಾರು 155ರಲ್ಲಿ ರೋಮನ್ ಅಧಿಕಾರಿಗಳು ಕೊಂದರು. ಕ್ರಿಸ್ತನನ್ನು ನಿಂದಿಸಿದರೆ ಬಿಟ್ಟುಬಿಡುತ್ತೇವೆ ಎಂದು ಪುಸಲಾಯಿಸಿದರು, ಮುದುಕ ಒಪ್ಪಲಿಲ್ಲ. ಅಳಿದುಳಿದ ಮೂಳೆಗಳನ್ನು ಸಭೆಯವರು ಆರಿಸಿ ತಂದು ಒಂದೆಡೆ ಇಟ್ಟರು. ಪ್ರತಿವರ್ಷ ಆ ದಿನ ಅಲ್ಲಿ ಸೇರೋಣ, ಅವರು ಸತ್ತ ದಿನವನ್ನು ಹುಟ್ಟಿದ ದಿನವಾಗಿ ಆಚರಿಸೋಣ ಎಂದು ನಿಶ್ಚಯಿಸಿ ಬೇರೊಂದು ಊರಿನ ಸಭೆಗೆ ಪತ್ರ ಬರೆದರು. ಪಾಲಿಕಾರ್ಪರ ಹಬ್ಬ ಇಂದಿಗೂ ಫೆಬ್ರುವರಿ 23. ನಮ್ಮಲ್ಲಿ ಚಳಿ ಕಳೆದು ಬಿಸಿಲು ಕಾಲಿಡುವ ಹೊತ್ತು.

ನಮ್ಮ ಸೀಮೆಯವರಿಗೆ ಈ ಪದ್ಧತಿ ಪರಕೀಯ ಅನ್ನಿಸಬೇಕಾಗಿಲ್ಲ. ದಾವಣಗೆರೆ, ಹರಿಹರ, ಹೊನ್ನಾಳಿ ಕಡೆ ಊರಬಾಗಿಲಲ್ಲೋ ಕೆರೆ ಏರಿಯ ಮೇಲೋ ವೀರಗಲ್ಲು ಕಾಣುತ್ತದೆ. ಕೆಳಗಿನ ಹಂತದಲ್ಲಿ ಹೋರಾಟ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಕೈಲಾಸದಲ್ಲಿ ಲಿಂಗದ ಮುಂದೆ ಕೂತ ವೀರ. ದಾವಣಗೆರೆಯಲ್ಲೇ 1942ರ ಚಳವಳಿಯಲ್ಲಿ ಪೊಲೀಸರ ಗುಂಡಿಗೆ ಎದೆಕೊಟ್ಟವರನ್ನು ಊರು ಹುತಾತ್ಮರೆಂದು ಗೌರವಿಸುತ್ತದೆ. ಶರಣರ ಗುಣ ಮರಣದಲ್ಲಿ ನೋಡು ಎಂದು ಹೇಳುವ ನಾಡಿದು.

ಒಂದು ವ್ಯತ್ಯಾಸವಿದೆ. ವೀರಗಲ್ಲಿನ ವೀರನ ಕೈಯಲ್ಲಿ ಆಯುಧವಿರುತ್ತದೆ. ಹಸು ಹೊಡೆಯಲು ಬಂದವರ ಮೇಲೆ ಬಿದ್ದು, ಕೊಂದು, ಕಡೆಗೆ ಸತ್ತವನು ಅವನು. ಚರ್ಚಿನ ಪಟಗಳಲ್ಲಿ ಲೆಕ್ಕ ತಿರುವುಮುರುವು. ರಕ್ತಸಾಕ್ಷಿಯ ಕೈಯಲ್ಲಿರುವ ಆಯುಧ ಅವನ ಪ್ರಾಣ ತೆಗೆದದ್ದು. ತೋಮಸರ ಪಕ್ಕದಲ್ಲಿ ಭರ್ಜಿ, ಪೌಲರ ಕೈಯಲ್ಲಿ ಕತ್ತಿ, ಕಾರ್ಕಳದ ಅತ್ತೂರಿಗೆ ಲಕ್ಷಾಂತರ ಜನರನ್ನು ಸೆಳೆಯುವ ಸಂತ ಲಾರೆನ್ಸರ ಬಳಿ ಕಬ್ಬಿಣದ ಸುಡುವ ಚೌಕಟ್ಟು.

ತಪಸ್ಸುಕಾಲದಲ್ಲಿ ಬರುವ ರಕ್ತಸಾಕ್ಷಿಗಳದ್ದು ಇನ್ನೊಂದು ವಿಶೇಷ. ಮಾರ್ಚ್ 7ರ ಪರ್ಪೆತುವಾ ಮತ್ತು ಫೆಲಿಸಿತಿ ಅವರನ್ನೇ ನೋಡಿ. ಉತ್ತರ ಆಫ್ರಿಕಾದ ಕಾರ್ತೇಜಿನಲ್ಲಿ 203ರಲ್ಲಿ ಸತ್ತವರು. ಪರ್ಪೆತುವಾ 22 ವರ್ಷದ ಸಿರಿವಂತರ ಮನೆಯ ಹೆಣ್ಣುಮಗಳು, ಹಾಲು ಕುಡಿಯುವ ಕೂಸಿನ ತಾಯಿ. ಫೆಲಿಸಿತಿ ಜೀತದಾಳು, ತುಂಬು ಗರ್ಭಿಣಿ. ಸೆರೆಯಲ್ಲೇ ಹೆತ್ತು, ಕೆಲವೇ ದಿನಗಳಲ್ಲಿ ಕಾಡುಮೃಗಗಳ ಅಖಾಡಕ್ಕೆ ಹೋದವಳು. ಪರ್ಪೆತುವಾ ಸೆರೆಮನೆಯಲ್ಲಿ ಬರೆದ ಟಿಪ್ಪಣಿ ಉಳಿದಿದೆ. ಕ್ರೈಸ್ತ ಹೆಣ್ಣೊಬ್ಬಳು ಬರೆದದ್ದರಲ್ಲಿ ಕೈಗೆ ಸಿಕ್ಕಿರುವ ಅತಿ ಹಳೆಯ ಬರಹಗಳಲ್ಲಿ ಅದೂ ಒಂದು. ಧರ್ಮ ಬಿಡು ಎಂದು ತಲೆನರೆತ ಅಪ್ಪ ಕಾಲಿಗೆ ಬಿದ್ದು ಅಳುತ್ತಾನೆ, ಮಗುವನ್ನು ಎದುರಿಗೆ ಹಿಡಿಯುತ್ತಾನೆ. ಮಗಳಿಗೆ ಅಪ್ಪನ ಮೇಲೆ ಸಿಟ್ಟಿಲ್ಲ, ಬರೀ ಸಂಕಟ. ಒಡತಿ, ಜೀತದವಳು ಎಂಬ ಭೇದ ಮರೆತು ಇಬ್ಬರ ಹೆಸರನ್ನೂ ಒಟ್ಟಿಗೇ ಹೇಳುವ ರೂಢಿ ಸಾವಿರದೆಂಟುನೂರು ವರ್ಷಗಳಿಂದ ನಡೆದು ಬಂದಿದೆ.

ಇಷ್ಟು ದೊಡ್ಡವರಾದರೂ ತಪಸ್ಸುಕಾಲದಲ್ಲಿ ಅವರಿಗೆ ಸಿಗುವುದು ಒಂದು ಪ್ರಾರ್ಥನೆ ಮಾತ್ರ. ಗುರುಗಳು ಕೆಂಪು ಉಡುವುದಿಲ್ಲ, ನೇರಳೆಯೇ ಮುಂದುವರಿಯುತ್ತದೆ. ಈಸ್ಟರ್ ನಂತರದ ಎಂಟು ದಿನ ಇನ್ನೂ ಕಟ್ಟುನಿಟ್ಟು: ಯಾವ ಸಂತರ ಹಬ್ಬಕ್ಕೂ ಪ್ರವೇಶವಿಲ್ಲ. ಕಳೆದ ವರ್ಷ ಏಪ್ರಿಲ್ 23ರ ಸಂತ ಜಾರ್ಜರ ಹಬ್ಬ ಹೀಗೆಯೇ ಆ ಎಂಟು ದಿನಗಳೊಳಗೆ ಸಿಕ್ಕಿಬಿತ್ತು. ಒಂದು ಮರಣದ ಮುಂದೆ ಉಳಿದ ಎಲ್ಲ ಮರಣಗಳೂ ಹಿಂದೆ ಸರಿದು ನಿಲ್ಲುತ್ತವೆ. ಸಾವನ್ನು ಸಾವಿಗಾಗಿಯೇ ವೈಭವೀಕರಿಸುವ ಚಪಲ ಯಾವ ಧರ್ಮದಲ್ಲೂ ಬೆಳೆಯಬಹುದು. ಅದಕ್ಕೆ ಹಾಕಿದ ಲಗಾಮು ಎಂದು ನಾನು ಈ ನಿಯಮವನ್ನು ಓದಿಕೊಳ್ಳುತ್ತೇನೆ.

▌ಬಿಸಿಲಿನಿಂದ ಮುಂಗಾರಿನವರೆಗೆ – 2026
ಮಾರ್ಚ್ 29: ಗರಿಗಳ ಭಾನುವಾರ
ಏಪ್ರಿಲ್ 3: ಶುಭ ಶುಕ್ರವಾರ
ಏಪ್ರಿಲ್ 5: ಈಸ್ಟರ್
ಏಪ್ರಿಲ್ 12: ತೋಮಸರ ಶಂಕೆಯ ಶುಭಸಂದೇಶ ಓದುವ ಭಾನುವಾರ
ಏಪ್ರಿಲ್ 23: ಸಂತ ಜಾರ್ಜ್
ಮೇ 3: ಪ್ರೇಷಿತರಾದ ಫಿಲಿಪ್, ಯಾಕೋಬರ ದಿನ (ಈ ಬಾರಿ ಭಾನುವಾರ)
ಜೂನ್ 3: ಉಗಾಂಡದ ಚಾರ್ಲ್ಸ್ ಲ್ವಾಂಗ ಮತ್ತು ಸಂಗಡಿಗರು
ಜೂನ್ 29: ಪೇತ್ರ, ಪೌಲ
ಜೂನ್ 30: ನೀರೋ ಕಾಲದಲ್ಲಿ ಸತ್ತ ರೋಮಿನ ಮೊದಲ ರಕ್ತಸಾಕ್ಷಿಗಳು
ಜುಲೈ 3: ಸಂತ ತೋಮಸರು
ವಸಂತ ವಿಷುವದಂದು (ಲೆಕ್ಕಕ್ಕೆ ಮಾರ್ಚ್ 21) ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಕಳೆದ ಮೇಲಿನ ಭಾನುವಾರವೇ ಈಸ್ಟರ್. ಆದ್ದರಿಂದ ಅದು ಮಾರ್ಚ್ 22ರಿಂದ ಏಪ್ರಿಲ್ 25ರವರೆಗೆ ಓಡಾಡುತ್ತಿರುತ್ತದೆ.

ಗಂಟೆ ಬಾರಿಸದ ದಿನ

ಬರುವ ಶುಕ್ರವಾರ ಮಧ್ಯಾಹ್ನ ಮೂರರ ಹೊತ್ತಿಗೆ ಚರ್ಚಿನೊಳಗೆ ಕಾಲಿಟ್ಟವರಿಗೆ ಮೊದಲು ಕಾಣುವುದು ಬರಿದು. ಹಿಂದಿನ ದಿನ ರಾತ್ರಿಯೇ ಪೀಠದ ಬಟ್ಟೆ ತೆಗೆದಿರುತ್ತಾರೆ. ಮೇಣದ ಬತ್ತಿ ಇಲ್ಲ, ಹೂವಿಲ್ಲ. ಪ್ರಸಾದದ ಪೆಟ್ಟಿಗೆಯ ಬಾಗಿಲು ತೆರೆದೇ ಇರುತ್ತದೆ, ಒಳಗೆ ಏನೂ ಇಲ್ಲ. ಗಂಟೆ ಬಾರಿಸುವಂತಿಲ್ಲ. ಬದಲಿಗೆ ಮರಕ್ಕೆ ಮರ ಬಡಿಯುವ ಒಣ ಸದ್ದು ಟಕ್ ಟಕ್ ಎಂದು ಕೇಳಿಸುವುದುಂಟು.

ಗುರುಗಳು ಕೆಂಪು ವಸ್ತ್ರದಲ್ಲಿ ಮಾತಿಲ್ಲದೆ ಬಂದು ನೆಲದ ಮೇಲೆ ಬೋರಲಾಗಿ ಮಲಗುತ್ತಾರೆ. ಹಣೆ ನೆಲಕ್ಕೆ ತಾಗಿರುತ್ತದೆ. ಜನ ಮೊಣಕಾಲೂರುತ್ತಾರೆ. ಎದ್ದ ಮೇಲೆ ಹಾಡಿಲ್ಲ, ಸ್ವಾಗತದ ಮಾತಿಲ್ಲ, ನೇರ ಪ್ರಾರ್ಥನೆ. ವರ್ಷದಲ್ಲಿ ಬಲಿಪೂಜೆ ನಡೆಯದ ದಿನ ಇದು. ಹಿಂದಿನ ದಿನ ಮೀಸಲಿಟ್ಟ ಪ್ರಸಾದವನ್ನಷ್ಟೇ ಹಂಚುತ್ತಾರೆ.

ಸಾಲುಗಟ್ಟಿ ಹೋಗಿ ಶಿಲುಬೆಗೆ ಮುತ್ತಿಡುವುದು ಎಲ್ಲರ ಮನಸ್ಸಿನಲ್ಲಿ ಉಳಿಯುವ ಗಳಿಗೆ. ಬರಿಗಾಲಲ್ಲಿ ಬಂದವರು, ಕೂಸನ್ನು ಎತ್ತಿ ಶಿಲುಬೆಯ ಪಾದಕ್ಕೆ ಬಗ್ಗಿಸುವ ತಾಯಂದಿರು, ಮೊಣಕಾಲು ಬಗ್ಗದ ವೃದ್ಧರನ್ನು ರಟ್ಟೆ ಹಿಡಿದು ಕರೆತರುವ ಹುಡುಗರು. ಉಪವಾಸ ಮುಗಿಸಲು ಗಂಜಿ, ಜೊತೆಗೆ ಏನಾದರೊಂದು ಚಟ್ನಿ ಅಥವಾ ಉಪ್ಪಿನಕಾಯಿ ಎಂಬುದು ಕರ್ನಾಟಕದ ಅನೇಕ ಚರ್ಚುಗಳ ರೂಢಿ.

ಆದರೆ ನನ್ನ ಮಟ್ಟಿಗೆ ಆ ದಿನದ ಹೃದಯ ಇರುವುದು ಶಿಲುಬೆಗೆ ಮುತ್ತಿಡುವುದಕ್ಕೆ ಮುಂಚಿನ ಹತ್ತು ಪ್ರಾರ್ಥನೆಗಳಲ್ಲಿ. ಬಿಸಿಲಿನ ಝಳಕ್ಕೆ ಕಣ್ಣು ಎಳೆಯುವ ಹೊತ್ತು, ಹಲವರು ಅವನ್ನು ಗಮನಿಸುವುದೇ ಇಲ್ಲ. ಚರ್ಚಿಗಾಗಿ, ಪೋಪರಿಗಾಗಿ, ಎಲ್ಲ ವಿಶ್ವಾಸಿಗಳಿಗಾಗಿ ಎಂದು ಶುರುವಾಗುವ ಪ್ರಾರ್ಥನೆ ಒಂದೊಂದೇ ಬಾಗಿಲು ತೆರೆಯುತ್ತ ಹೊರಕ್ಕೆ ನಡೆಯುತ್ತದೆ. ಬೇರೆ ಪಂಗಡದ ಕ್ರೈಸ್ತರಿಗಾಗಿ. ಯೆಹೂದ್ಯರಿಗಾಗಿ. ಕ್ರಿಸ್ತನನ್ನು ನಂಬದವರಿಗಾಗಿ. ದೇವರನ್ನೇ ನಂಬದವರಿಗಾಗಿ. ನಾಡನ್ನು ಆಳುವವರಿಗಾಗಿ. ಸಂಕಟದಲ್ಲಿರುವ ಎಲ್ಲರಿಗಾಗಿ. ತಮ್ಮ ಪ್ರಭುವನ್ನು ಕೊಂದ ದಿನ, ಆ ದುಃಖ ಅತಿ ಹಸಿಯಾಗಿರುವ ಗಳಿಗೆಯಲ್ಲಿ, ತಮ್ಮವರಲ್ಲದವರ ಹೆಸರು ಹಿಡಿದು ಒಳಿತು ಕೋರುವುದು ಸುಲಭದ ಮಾತಲ್ಲ.

ಸುಲಭವಾಗಿ ಬಂದದ್ದೂ ಅಲ್ಲ. ಇದೇ ಶುಭ ಶುಕ್ರವಾರದ ಪ್ರಾರ್ಥನೆಯಲ್ಲಿ ಯೆಹೂದ್ಯರನ್ನು ಹೀಗಳೆಯುವ ವಿಶೇಷಣವೊಂದು ಶತಮಾನಗಳ ಕಾಲ ಕೂತಿತ್ತು. ಯುರೋಪಿನಲ್ಲಿ ಯೆಹೂದ್ಯರ ಕೇರಿಗಳ ಮೇಲೆ ಗುಂಪುಗಳು ಬಿದ್ದ ಎಷ್ಟೋ ದಿನಗಳು ಪವಿತ್ರ ವಾರದವೇ. ಪೋಪ್ 23ನೇ ಜಾನ್ 1959ರಲ್ಲಿ ಆ ವಿಶೇಷಣವನ್ನು ಕಿತ್ತು ಹಾಕಿಸಿದರು. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಪ್ರಾರ್ಥನೆಯನ್ನೇ ಹೊಸದಾಗಿ ಬರೆಯಲಾಯಿತು. ಅದೇ ಮಹಾಸಭೆಯ ಫಲವಾಗಿ ಲ್ಯಾಟಿನ್ ಜಾಗಕ್ಕೆ ಕನ್ನಡ ಬಂತು. ದಾವಣಗೆರೆಯ ಮಕ್ಕಳು ಇಂದು ಕನ್ನಡದಲ್ಲಿ ಕೇಳುತ್ತಿರುವುದು ಹೀಗೆ ತೊಳೆದು ಹಸನು ಮಾಡಿದ ಪ್ರಾರ್ಥನೆಯನ್ನು. ಸಾವಿನ ನೆನಪು ಹಗೆಯಾಗಿ ಹೆಪ್ಪುಗಟ್ಟಿದರೆ ಏನಾಗುತ್ತದೆ ಎಂಬುದು ಚರ್ಚಿಗೆ ತನ್ನದೇ ಚರಿತ್ರೆಯಿಂದ ಗೊತ್ತು.

1784ರ ವಿಭೂತಿ ಬುಧವಾರ

ಕರಾವಳಿಯಿಂದ ಬಂದು ಘಟ್ಟದ ಮೇಲೆ ನೆಲೆಸಿದ ಕೊಂಕಣಿ ಕ್ಯಾಥೊಲಿಕ್ ಮನೆಗಳಿಗೆ ಬೇಸಿಗೆಯ ಆರಂಭ ಇನ್ನೊಂದು ನೆನಪನ್ನೂ ತರುತ್ತದೆ.

ಎರಡನೇ ಆಂಗ್ಲೋ-ಮೈಸೂರು ಯುದ್ಧ ಕೊನೆಯ ಹಂತದಲ್ಲಿತ್ತು. ಇಂಗ್ಲಿಷರ ಕೈಯಲ್ಲಿದ್ದ ಮಂಗಳೂರು ಕೋಟೆ ದೀರ್ಘ ಮುತ್ತಿಗೆಯ ನಂತರ 1784ರ ಜನವರಿ ಕೊನೆಗೆ ಟಿಪ್ಪು ಸುಲ್ತಾನನಿಗೆ ಮರಳಿತು. ಕೆನರಾದ ಕ್ಯಾಥೊಲಿಕರು ಶತ್ರುವಿಗೆ ನೆರವಾದರು ಎಂಬ ಗುಮಾನಿ ಅವನಿಗಿತ್ತು. ಫೆಬ್ರುವರಿ ಅಂತ್ಯದ ವಿಭೂತಿ ಬುಧವಾರದ ಹೊತ್ತಿಗೆ ಊರೂರುಗಳಲ್ಲಿ ಅವರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಗೋವಾದ ಪಾದ್ರಿಗಳನ್ನು ಹೊರಹಾಕಿ, ಚರ್ಚುಗಳನ್ನು ಕೆಡವಲಾಯಿತು. ಸೆರೆಯಾದವರು 30 ಸಾವಿರ ಎಂದು ಒಬ್ಬರು ಬರೆದರೆ 60 ಸಾವಿರ ಎಂದು ಇನ್ನೊಬ್ಬರು. ಇನ್ನೂ ಹೆಚ್ಚು ಹೇಳುವವರಿದ್ದಾರೆ. ಅಂಕಿ ಯಾವುದೇ ಇರಲಿ, ದಾರಿಯಲ್ಲೂ ಸೆರೆಯಲ್ಲೂ ಹಸಿವು, ರೋಗ, ಶಿಕ್ಷೆಗಳಿಗೆ ಸಿಕ್ಕಿ ಸತ್ತವರು ಬಹಳ. ಬಲವಂತದ ಮತಾಂತರಕ್ಕೆ ಒಳಗಾದವರೂ ಬಹಳ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಊರಿಗೆ ಮರಳಿದವರು ಮೊದಲಿನ ಸಂಖ್ಯೆಯ ಒಂದು ಪಾಲಷ್ಟೇ. ಅವರು ಕಂಡದ್ದು ನೆಲಸಮವಾದ ಚರ್ಚುಗಳನ್ನು, ಪರರ ಪಾಲಾದ ಗದ್ದೆಗಳನ್ನು.

ಇವರಲ್ಲಿ ಯಾರ ಹೆಸರೂ ಸಂತರ ಪಟ್ಟಿ ಸೇರಿಲ್ಲ, ಪಂಚಾಂಗದಲ್ಲಿ ಇವರಿಗೆ ಕೆಂಪು ವಸ್ತ್ರದ ದಿನವಿಲ್ಲ. ಬಹುತೇಕರ ಹೆಸರು ಸಹ ಉಳಿದಿಲ್ಲ. ಉಳಿದಿರುವುದು ಮನೆಮನೆಯ ಮಾತು.

ಈ ಮಾತನ್ನು ಇಂದು ಆಡುವುದು ಕಷ್ಟ. ಎತ್ತಿದ ಕೂಡಲೇ ಎರಡು ಕಡೆಯಿಂದ ಕೈಗಳು ಚಾಚುತ್ತವೆ. ಒಂದು ಕಡೆಯವರಿಗೆ ಇದು ಇಂದಿನ ಮುಸ್ಲಿಮರ ಮೇಲೆ ಬೀಸಲು ಬೇಕು. ಇನ್ನೊಂದು ಕಡೆಯವರಿಗೆ ಇದು ನಡೆಯಲೇ ಇಲ್ಲವೆಂದು ಆಗಬೇಕು. ಇಬ್ಬರಿಗೂ ಸತ್ತವರು ಬೇಕಿಲ್ಲ. 1791ರಲ್ಲಿ ಮರಾಠ ದಂಡು ಶೃಂಗೇರಿ ಮಠವನ್ನು ಸುಲಿದಾಗ ಮಠಕ್ಕೆ ಮಮತೆಯಿಂದ ಪತ್ರ ಬರೆದು ನೆರವು ಕಳಿಸಿದವನೂ ಇದೇ ಟಿಪ್ಪು. ಒಬ್ಬನೇ ಅರಸನ ಆಳ್ವಿಕೆಯಲ್ಲಿ ಎರಡೂ ನಡೆದಿವೆ, ಒಂದನ್ನು ತೋರಿಸಿ ಇನ್ನೊಂದನ್ನು ಅಳಿಸಲು ಬರುವುದಿಲ್ಲ. ಸೆರೆಯಾದವರ ಮೊಮ್ಮಕ್ಕಳ ಮೊಮ್ಮಕ್ಕಳು ಇಂದು ದಾವಣಗೆರೆಯ ಬೀದಿಯಲ್ಲಿ ಮುಸ್ಲಿಂ ಅಂಗಡಿಯಲ್ಲಿ ಖರ್ಜೂರ ಕೊಂಡು, ಮಾತಾಡಿಕೊಂಡು ಮನೆಗೆ ಬರುತ್ತಾರೆ. ಆ ಮಾತುಕತೆ ಕೆಡಬಾರದು. ಆ ಚರಿತ್ರೆಯೂ ಮುಚ್ಚಿಹೋಗಬಾರದು. ಎರಡನ್ನೂ ಒಟ್ಟಿಗೆ ಉಳಿಸಿಕೊಳ್ಳುವ ಶಕ್ತಿ ಸಮುದಾಯಕ್ಕೆ ಇದೆ ಎಂದೇ ನಾನು ನಂಬಿದ್ದೇನೆ.

ನಂಬಲು ಆಧಾರವೂ ಇದೆ. ಕೇರಳದಲ್ಲಿ ಹುಟ್ಟಿ ಮಧ್ಯಪ್ರದೇಶದ ಉದಯನಗರದಲ್ಲಿ ದುಡಿದ ಸಿಸ್ಟರ್ ರಾಣಿ ಮರಿಯಾ ಬಡ ಕೂಲಿಗಳನ್ನು ಬಡ್ಡಿಯವರ ಹಿಡಿತದಿಂದ ಬಿಡಿಸಲು ಹೆಣಗಿದವರು. 1995ರ ಫೆಬ್ರುವರಿ 25ರಂದು ಬಸ್ ಪ್ರಯಾಣದ ನಡುವೆ, ಪ್ರಯಾಣಿಕರ ಎದುರೇ ಅವರನ್ನು ಇರಿದು ಕೊಂದರು. ಕೊಂದವನು ಜೈಲಿನಲ್ಲಿದ್ದಾಗ ರಾಣಿ ಮರಿಯಾ ಅವರ ತಂಗಿ, ಅವರೂ ಕನ್ಯಾಸ್ತ್ರೀ, ಹೋಗಿ ಅವನ ಕೈಗೆ ರಾಖಿ ಕಟ್ಟಿದರು. ತಾಯಿ ಅವನ ಕೈಗೆ ಮುತ್ತಿಟ್ಟರು. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯಾ ಅವರನ್ನು ಪುನೀತೆ ಎಂದು ಸಾರಿದರು. ಅವರ ಸ್ಮರಣೆಯ ದಿನ ಫೆಬ್ರುವರಿ 25. ಲೆಕ್ಕ ಹಾಕಿ ನೋಡಿದರೆ 1784ರಲ್ಲಿ ವಿಭೂತಿ ಬುಧವಾರ ಬಿದ್ದದ್ದೂ ಅದೇ ತಾರೀಖಿಗೆ.

▌ಜಾತಿ ಕಳಚಿದ ಸಂತ
ಭಾರತದ ಮೊದಲ ಗೃಹಸ್ಥ ಸಂತ ದೇವಸಹಾಯಂ. ಇಂದಿನ ಕನ್ಯಾಕುಮಾರಿ ಜಿಲ್ಲೆಯ ನಟ್ಟಾಲಂನಲ್ಲಿ 1712ರ ಏಪ್ರಿಲ್ 23ರಂದು ಹುಟ್ಟಿದವರು, ತಿರುವಾಂಕೂರಿನ ಮಾರ್ತಾಂಡ ವರ್ಮನ ಆಸ್ಥಾನದಲ್ಲಿ ಕೆಲಸದಲ್ಲಿದ್ದವರು. ಕ್ರೈಸ್ತರಾದ ಮೇಲೆ ಸೆರೆ, ಚಿತ್ರಹಿಂಸೆ. 1752ರ ಜನವರಿ 14ರಂದು ಆರಲ್ವಾಯ್ಮೊಳಿ ಬಳಿ ಗುಂಡಿಟ್ಟು ಕೊಂದರು. ಪೋಪ್ ಫ್ರಾನ್ಸಿಸ್ 2022ರ ಮೇ 15ರಂದು ಸಂತ ಪದವಿಗೇರಿಸಿದಾಗ ಹೆಸರಿನ ಜೊತೆಗಿದ್ದ ಜಾತಿಸೂಚಕ ‘ಪಿಳ್ಳೈ’ ಇರಲಿಲ್ಲ. ಮೇಲುಕೀಳೆನ್ನದೆ ಎಲ್ಲರೊಡನೆ ಬೆರೆತವರ ಹೆಸರಿಗೆ ಅದು ಒಪ್ಪುವುದಿಲ್ಲವೆಂಬ ಮನವಿಗೆ ಸಂದ ಗೌರವ ಅದು.

ಹೊಳೆದಂಡೆಯ ತಾಯಿ

ದಾವಣಗೆರೆಯಿಂದ ಹರಿಹರಕ್ಕೆ ಹದಿನೈದು ಕಿಲೋಮೀಟರೂ ಇಲ್ಲ. ಅಲ್ಲಿ ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ ಹರಿಹರೇಶ್ವರ ಗುಡಿಯಿದೆ. ಅರ್ಧ ಶಿವ, ಅರ್ಧ ವಿಷ್ಣು, ಒಂದೇ ಮೂರ್ತಿ. ಹೆಸರಿನಲ್ಲೇ ಜಗಳ ಬಗೆಹರಿಸಿಕೊಂಡ ಊರು. ತುಂಗಭದ್ರೆ ಏಪ್ರಿಲ್ ಹೊತ್ತಿಗೆ ಬಂಡೆ ತೋರಿಸುತ್ತಾಳೆ.

ಇದೇ ಹರಿಹರದಲ್ಲಿ ಆರೋಗ್ಯಮಾತೆಯ ಚರ್ಚಿದೆ. ಈಚಿನ ವರ್ಷಗಳಲ್ಲಿ ಅದಕ್ಕೆ ಕಿರು ಬೆಸಿಲಿಕಾ ಎಂಬ ಮನ್ನಣೆಯೂ ಸಿಕ್ಕಿದೆ. ದೊಡ್ಡ ಹಬ್ಬ ಸೆಪ್ಟೆಂಬರ್ 8ಕ್ಕೆ, ಹೊಳೆ ತುಂಬಿರುವ ಕಾಲಕ್ಕೆ. ಕ್ರೈಸ್ತರಲ್ಲದವರೂ ಹರಕೆ ಹೊತ್ತು ಬರುವ ಜಾಗ. ಕಾಯಿಲೆ ಬಿದ್ದ ಮಗುವಿನ ತಾಯಿಗೆ ಇನ್ನೊಬ್ಬ ತಾಯಿಯ ಬಳಿ ಹೋಗಲು ಜಾತಿಪತ್ರ ಬೇಕಿಲ್ಲ.

ಆರೋಗ್ಯಮಾತೆಗೂ ರಕ್ತಸಾಕ್ಷಿಗಳಿಗೂ ಏನು ಸಂಬಂಧ ಎಂದು ಕೇಳಬಹುದು. ಮರಿಯ ಮಾತೆ ರಕ್ತ ಸುರಿಸಿದವಳಲ್ಲ. ಆದರೂ ಜಪಮಾಲೆಯ ಕೊನೆಗೆ ಹೇಳುವ ಬಿನ್ನಹಮಾಲೆಯಲ್ಲಿ ಅವಳನ್ನು ರಕ್ತಸಾಕ್ಷಿಗಳ ರಾಣಿ ಎಂದು ಕರೆಯುತ್ತಾರೆ. ಮಗನನ್ನು ಕೊಲ್ಲುವಾಗ ಶಿಲುಬೆಯ ಕೆಳಗೆ ನಿಂತಿದ್ದವಳು ಅವಳು. ಶಿಷ್ಯರಲ್ಲಿ ಬಹುಪಾಲು ಗಂಡಸರು ಓಡಿಹೋಗಿದ್ದರು, ಹೆಂಗಸರು ನಿಂತಿದ್ದರು. ಸತ್ತವರನ್ನು ಹಾಡಿ ಹೊಗಳುವ ಕಥೆಗಳು ಬದುಕುಳಿದ ಹೆಂಗಸರನ್ನು ಮರೆತುಬಿಡುವುದೇ ಹೆಚ್ಚು. ಶ್ರೀರಂಗಪಟ್ಟಣದ ದಾರಿಯಲ್ಲಿ ಕೂಸನ್ನು ಮಣ್ಣು ಮಾಡಿ ಮುಂದೆ ನಡೆದವರೂ ಹೆಂಗಸರೇ. ಮೇ ತಿಂಗಳು ಮಾತೆಗೆ ಮೀಸಲು. ಸಂಜೆಯ ಜಪಮಾಲೆ ನಡೆಸುವವರು, ತಪ್ಪದೆ ಕೂರುವವರು ಅಜ್ಜಿಯಂದಿರು.

ಗಾಯ ನೋಡಬೇಕೆಂದವನು

ಇನ್ನು ಪಿ.ಜೆ. ಬಡಾವಣೆಯ ಪಾಲಕ ಸಂತರ ಮಾತು. ಈ ವರ್ಷ ಮೂರು ವಾರಗಳ ಅಂತರದಲ್ಲಿ ತೋಮಸರು ಎರಡು ಬಾರಿ ತಮ್ಮದೇ ಚರ್ಚಿನಲ್ಲಿ ಮಾತಾಡುತ್ತಾರೆ.

ಕಳೆದ ಭಾನುವಾರ, ಮಾರ್ಚ್ 22ರಂದು, ಲಾಜರನನ್ನು ಬದುಕಿಸಿದ ಕಥೆಯ ಪಠಣವಿತ್ತು. ಯೇಸು ಅಪಾಯವಿದ್ದ ಜುದೇಯಕ್ಕೆ ಹೊರಟಾಗ ಉಳಿದವರು ಹಿಂಜರಿಯುತ್ತಾರೆ. ನಾವೂ ಹೋಗೋಣ, ಅವರೊಡನೆ ಸಾಯೋಣ ಎಂಬರ್ಥದ ಮಾತು ಆಡುವವನು ತೋಮಸ. ಬರುವ ಏಪ್ರಿಲ್ 12ಕ್ಕೆ ಎರಡನೇ ಮಾತು. ಸತ್ತ ಯೇಸು ಎದ್ದು ಬಂದಿದ್ದಾರೆ ಎಂದು ಗೆಳೆಯರು ಹೇಳಿದರೆ ಇವನು ನಂಬುವುದಿಲ್ಲ. ಮೊಳೆ ಹೊಡೆದ ಗಾಯ ಕಣ್ಣಾರೆ ಕಾಣಬೇಕು, ಪಕ್ಕೆಯ ಗಾಯದಲ್ಲಿ ಕೈಯಿಡಬೇಕು ಎನ್ನುತ್ತಾನೆ.

ಶಂಕೆಯ ತೋಮಸ ಎಂದು ಎರಡು ಸಾವಿರ ವರ್ಷ ಜರೆದದ್ದಾಯಿತು. ನನಗೆ ಈ ಪ್ರೇಷಿತ ಪ್ರಿಯನಾಗುವುದೇ ಅವನ ಹಟಕ್ಕೆ. ಗಾಯವಿಲ್ಲದ ದೇವರು ಅವನಿಗೆ ಬೇಕಿರಲಿಲ್ಲ. ಎಂಟು ದಿನದ ಮೇಲೆ ಯೇಸು ಬಂದಾಗ ಗಾಯಗಳು ಮಾಯ್ದು ಮರೆಯಾಗಿರಲಿಲ್ಲ. ಕೈಯಲ್ಲಿ, ಪಕ್ಕೆಯಲ್ಲಿ ಹಾಗೇ ಇದ್ದವು. ಆದರೆ ಬಾಗಿಲು ಹಾಕಿದ ಆ ಮನೆಯೊಳಗೆ ಮೊದಲು ಆಡಿದ ಮಾತು ಶಾಂತಿಯ ಹಾರೈಕೆ. ಯಾರು ಹೊಡೆದರು, ಯಾರು ಓಡಿಹೋದರು ಎಂಬ ವಿಚಾರಣೆ ಇಲ್ಲ. 1784ರ ಬಗ್ಗೆ ಮಕ್ಕಳು ಕೇಳಿದರೆ ತೋಮಸನಿಗೆ ತೋರಿಸಿದ ಹಾಗೆ ಗಾಯವನ್ನು ತೋರಿಸಬೇಕು, ಮುಟ್ಟಿ ನೋಡಲು ಬಿಡಬೇಕು, ಇತಿಹಾಸದ ಪುಸ್ತಕ ಕೈಗಿಡಬೇಕು. ಅದನ್ನು ಕೆರೆದು ಕೆಂಡ ಮಾಡುವವರ ಕೈಗೆ ಮಾತ್ರ ಕೊಡಬಾರದು.

ತೋಮಸರು 52ರಲ್ಲಿ ಕೊಡುಂಗಲ್ಲೂರಿನ ಕಡೆ ಹಡಗಿಳಿದರು, 72ರಲ್ಲಿ ಮದ್ರಾಸಿನ ಮೈಲಾಪುರದ ಬಳಿ ಭರ್ಜಿಯ ತಿವಿತಕ್ಕೆ ಪ್ರಾಣಬಿಟ್ಟರು ಎಂಬುದು ದಕ್ಷಿಣ ಭಾರತದ ಕ್ರೈಸ್ತರ ಗಾಢ ನಂಬಿಕೆ. ಅವರ ಭಾರತ ಯಾತ್ರೆಯನ್ನು ಹೇಳುವ ಸಿರಿಯಾಕ್ ಭಾಷೆಯ ಕೃತಿ ಮೂರನೇ ಶತಮಾನದ್ದು. ಅದರಲ್ಲಿ ಬರುವ ಗೊಂಡೊಫರಸ್ ಎಂಬ ರಾಜ ಕಟ್ಟುಕಥೆಯವನು ಎಂದೇ ಪಂಡಿತರು ತಿಳಿದಿದ್ದರು. 19ನೇ ಶತಮಾನದಲ್ಲಿ ವಾಯವ್ಯ ಭಾರತದ ನೆಲದಿಂದ ಅವನ ನಾಣ್ಯಗಳು ಎದ್ದು ಬಂದವು. ಮೊದಲು ಡಿಸೆಂಬರ್ 21ಕ್ಕಿದ್ದ ಹಬ್ಬವನ್ನು ಲ್ಯಾಟಿನ್ ಪಂಚಾಂಗ 1969ರಲ್ಲಿ ಜುಲೈ 3ಕ್ಕೆ ತಂದಿತು. ಕೇರಳದ ಸಿರಿಯನ್ ಕ್ರೈಸ್ತರು ಅದಾಗಲೇ ಆಚರಿಸುತ್ತಿದ್ದ ದಿನ ಅದು. ಭಾರತ ಸರ್ಕಾರ 1964ರಲ್ಲಿ, ಮತ್ತೆ 1973ರಲ್ಲಿ ತೋಮಸರ ಅಂಚೆಚೀಟಿ ತಂದಿತ್ತು.

ಈ ಸಲ ಜುಲೈ 3 ಬರುವುದು ಶುಕ್ರವಾರ, ಶುಭ ಶುಕ್ರವಾರ ಕಳೆದು ಸರಿಯಾಗಿ ಹದಿಮೂರು ವಾರಕ್ಕೆ. ತಿಂಗಳ ಮೊದಲ ಶುಕ್ರವಾರವೂ ಆದ್ದರಿಂದ ಪೂಜೆಗೆ ಹೇಗೂ ಜನ ಸೇರುತ್ತಾರೆ. ಅಷ್ಟು ಹೊತ್ತಿಗೆ ಶಾಲೆ ಶುರುವಾಗಿ ತಿಂಗಳು ದಾಟಿರುತ್ತದೆ, ಮಳೆ ಕೈಕೊಡದಿದ್ದರೆ ಸುತ್ತಲ ಹಳ್ಳಿಗಳಲ್ಲಿ ಮೆಕ್ಕೆಜೋಳಕ್ಕೆ ಎಡೆಕುಂಟೆ ಹೊಡೆಯುತ್ತಿರುತ್ತಾರೆ. ತೇರಿನ ಮೆರವಣಿಗೆಯನ್ನು ಮಳೆ, ಮಕ್ಕಳ ಪರೀಕ್ಷೆ ನೋಡಿಕೊಂಡು ಬೇರೆ ದಿನಕ್ಕೆ ಇಡುವ ಧರ್ಮಕೇಂದ್ರಗಳೂ ಉಂಟು, ಹೋಗುವವರು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಏಪ್ರಿಲ್ 12ರ ಪೂಜೆಗಾದರೆ ಯಾವ ಗೊಂದಲವೂ ಇಲ್ಲ, ಅದು ಭಾನುವಾರ. ಕ್ರೈಸ್ತರಲ್ಲದವರೂ ಹಿಂದಿನ ಬೆಂಚಿನಲ್ಲಿ ಕೂತು ತೋಮಸನ ಪ್ರಶ್ನೆ ಕೇಳಿಸಿಕೊಂಡು ಬರಬಹುದು.